ಹೆಸರಿಡುವ ಹಕ್ಕು: ಇಂದಿನ ಅಮೆರಿಕನ್ ಕಾದಂಬರಿಗಳಲ್ಲಿ ಅಸ್ಮಿತೆ ಮತ್ತು ಅಧಿಕಾರ

ಇಂದಿನ ಅಮೆರಿಕನ್ ಕಾದಂಬರಿಗಳಲ್ಲಿ ಅಸ್ಮಿತೆಯ ಬಿಕ್ಕಟ್ಟು ಮತ್ತು ಸಾಮಾಜಿಕ ಅಧಿಕಾರ ಎಂಬ ವಿಷಯ ಪ್ರಶ್ನೆಪತ್ರಿಕೆಯಲ್ಲಿ ಬಂದಾಗ ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪೊಂದಿದೆ. ನಾನೂ ಮಾಡಿದ್ದೇನೆ. ನಾಯಕನಿಗೆ ತಾನು ಯಾರೆಂಬ ಗೊಂದಲ ಕಾಡುತ್ತದೆ, ಕೊನೆಗೆ ಅವನು ತನ್ನನ್ನು ತಾನು ಕಂಡುಕೊಳ್ಳುತ್ತಾನೆ ಎಂದು ಎರಡು ಪುಟ ಬರೆದು, ನಡುವೆ ‘ಸಾಮಾಜಿಕ ಅಧಿಕಾರ’ ಎಂಬ ಪದವನ್ನು ಒಗ್ಗರಣೆಯ ಹಾಗೆ ಚಿಮುಕಿಸಿಬಿಡುವುದು. ಅಸ್ಮಿತೆ ಮನಸ್ಸಿನೊಳಗಿನ ಸಂಗತಿ, ಅಧಿಕಾರ ಹೊರಗಿನ ಸಂಗತಿ ಎಂಬ ಎಣಿಕೆ ಈ ತಪ್ಪಿನ ಬೇರು. ಕಾದಂಬರಿಗಳನ್ನು ಸಾವಧಾನವಾಗಿ ಓದಿದ ಮೇಲೆ ನನಗೆ ಕಂಡದ್ದೇ ಬೇರೆ. ‘ನಾನು ಯಾರು’ ಎಂದು ಈ ಪಾತ್ರಗಳು ತಾವಾಗಿ ಕೇಳಿಕೊಳ್ಳುವುದು ಅಪರೂಪ. ‘ನೀನು ಯಾರು’ ಎಂದು ಬೇರೆಯವರು ಕೇಳುತ್ತಾರೆ: ಆಸ್ಪತ್ರೆಯ ಗುಮಾಸ್ತ, ಜನಗಣತಿಯವನು, ಪುಸ್ತಕದಂಗಡಿಯವನು, ಬಡಾವಣೆಯ ನೆರೆಹೊರೆಯವರು, ಕಾಲೇಜಿನ ಆಡಳಿತ. ಉತ್ತರವೂ ಅವರ ಬಳಿ ಮೊದಲೇ ಸಿದ್ಧವಾಗಿರುತ್ತದೆ. ಈ ಟಿಪ್ಪಣಿಯಲ್ಲಿ ನಾನು ಹಿಡಿದು ಹೊರಟಿರುವ ಎಳೆ ಅದು: ಹೆಸರಿಡುವ ಹಕ್ಕು ಯಾರ ಕೈಯಲ್ಲಿದೆ?

ಪದ ಹುಟ್ಟಿದ ಬಗೆ

‘ಐಡೆಂಟಿಟಿ ಕ್ರೈಸಿಸ್’ (ಅಸ್ಮಿತೆಯ ಬಿಕ್ಕಟ್ಟು) ಎಂಬ ಮಾತನ್ನು ಚಲಾವಣೆಗೆ ತಂದವರು ಮನೋವಿಶ್ಲೇಷಕ ಎರಿಕ್ ಎರಿಕ್ಸನ್. ಎರಡನೆಯ ಮಹಾಯುದ್ಧದಿಂದ ಮರಳಿದ ಕೆಲವು ಸೈನಿಕರು ತಾವು ಹಿಂದೆ ಯಾರಾಗಿದ್ದೆವೋ ಅವರೇ ಈಗಲೂ ಹೌದೆಂಬ ಭರವಸೆಯನ್ನೇ ಕಳೆದುಕೊಂಡಿದ್ದರು. ಅವರ ಸ್ಥಿತಿಯನ್ನು ವಿವರಿಸಲು ಎರಿಕ್ಸನ್‌ಗೆ ಈ ಪದ ಬೇಕಾಯಿತು. ಮುಂದೆ ಅದನ್ನು ಹದಿಹರೆಯದವರಿಗೆ ಅನ್ವಯಿಸಿದರು. 1968ರ ‘ಐಡೆಂಟಿಟಿ: ಯೂತ್ ಅಂಡ್ ಕ್ರೈಸಿಸ್’ ಎಂಬ ಪುಸ್ತಕದ ಹೊತ್ತಿಗೆ ಅದು ಮನೆಮಾತಾಗಿತ್ತು.

ನಮ್ಮ ವಿಷಯಕ್ಕೆ ಅವರ ಸಿದ್ಧಾಂತಕ್ಕಿಂತ ಅವರ ಬದುಕೇ ಹತ್ತಿರ. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಅವರಿಗೆ ಹೆತ್ತ ತಂದೆ ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ತಾಯಿ ಡೆನ್ಮಾರ್ಕಿನ ಯಹೂದಿ. ಹೋಂಬರ್ಗರ್ ಎಂಬ ಹೆಸರು ಬಂದದ್ದು ಮಲತಂದೆಯಿಂದ. ಯಹೂದಿ ಮಕ್ಕಳು ಈ ಹೊಂಗೂದಲಿನ ಹುಡುಗನನ್ನು ಅನ್ಯನೆಂದು ಹಂಗಿಸಿದರೆ, ಶಾಲೆಯ ಮಕ್ಕಳು ಯಹೂದಿಯೆಂದು ಹಂಗಿಸಿದರು. 1939ರಲ್ಲಿ ಅಮೆರಿಕದ ಪೌರತ್ವ ಪಡೆಯುವ ಹೊತ್ತಿಗೆ ಆತ ಎರಿಕ್ಸನ್ ಎಂಬ ಹೊಸ ಹೆಸರಿಟ್ಟುಕೊಂಡರು. ‘ಎರಿಕ್‌ನ ಮಗ’ ಎಂದು ಅದರ ಅರ್ಥ. ತನಗೆ ತಾನೇ ತಂದೆಯಾದ ಹಾಗೆ.

ಚಂದದ ಕಥೆಯೇ. ಆದರೆ ಹೀಗೆ ತನ್ನ ಹೆಸರನ್ನು ತಾನೇ ಬರೆದುಕೊಳ್ಳಲು ಮೊದಲು ಆ ಕಚೇರಿಯ ಬಾಗಿಲು ತೆರೆಯಬೇಕಲ್ಲ! ಅದೇ ವರ್ಷ ಒಬ್ಬ ಭಾರತೀಯ ಅಲ್ಲಿಗೆ ಹೋಗಿದ್ದರೆ ಅರ್ಜಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. 1790ರ ಕಾನೂನು ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರಿಗೆ’ ಮಾತ್ರ ಪೌರತ್ವ ಕೊಟ್ಟಿತ್ತು; 1870ರಲ್ಲಿ ಆಫ್ರಿಕನ್ ಮೂಲದವರನ್ನು ಸೇರಿಸಿದರು. ಏಷ್ಯಾದವರು ಎರಡೂ ಕಡೆ ಇಲ್ಲ. 1922ರಲ್ಲಿ ಜಪಾನಿನ ತಕಾವೊ ಒಜಾವಾ ‘ನನ್ನ ಚರ್ಮ ಬೆಳ್ಳಗಿದೆ’ ಎಂದು ಸುಪ್ರೀಂ ಕೋರ್ಟಿನ ಮುಂದೆ ವಾದಿಸಿದಾಗ, ಬಿಳಿಯ ಎಂದರೆ ಚರ್ಮದ ಬಣ್ಣವಲ್ಲ, ಕಾಕೇಸಿಯನ್ ಜನಾಂಗದವನು ಎಂದು ಕೋರ್ಟ್ ಹೇಳಿತು. ಮೂರೇ ತಿಂಗಳಲ್ಲಿ, 1923ರ ಫೆಬ್ರವರಿಯಲ್ಲಿ, ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ‘ಹಾಗಾದರೆ ನಾನು ಕಾಕೇಸಿಯನ್’ ಎಂದರು; ಅಂದಿನ ಪಂಡಿತರ ವರ್ಗೀಕರಣದಲ್ಲಿ ಉತ್ತರ ಭಾರತೀಯರೂ ಆ ಜನಾಂಗಕ್ಕೇ ಸೇರಿದವರು. ಅದೇ ಕೋರ್ಟ್ ರಾಗ ಬದಲಿಸಿತು: ಪಂಡಿತರ ವರ್ಗೀಕರಣ ಬೇಡ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಬಿಳಿಯ ಎಂದರೆ ಯಾರೋ ಅವನೇ ಬಿಳಿಯ. ಆ ‘ಸಾಮಾನ್ಯ ಮನುಷ್ಯ’ ಬಿಳಿಯನೇ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಥಿಂಡ್ ಸಿಖ್ಖರಾದರೂ ತೀರ್ಪು ಅವರನ್ನು ಹಿಂದೂ ಎಂದೇ ಕರೆಯಿತು. 1920ರಿಂದ 1940ರವರೆಗಿನ ಮೂರು ಜನಗಣತಿಗಳಲ್ಲಿ ‘ಹಿಂದೂ’ ಎಂಬುದು ಒಂದು ಜನಾಂಗದ ಹೆಸರು! 1946ರವರೆಗೆ ಭಾರತೀಯರಿಗೆ ಈ ಬಾಗಿಲು ಕಾನೂನಿನಲ್ಲಿ ತೆರೆಯಲಿಲ್ಲ.

ಇನ್ನೂ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಮುಂದಿನ ಕಾದಂಬರಿಗಳು ಸುಲಭವಾಗುತ್ತವೆ. ಕಪ್ಪು ಜನರ ವಿಷಯದಲ್ಲಿ ‘ಒಂದು ಹನಿ’ಯ ನಿಯಮ: ಪೂರ್ವಿಕರಲ್ಲಿ ಒಬ್ಬರು ಕಪ್ಪಾಗಿದ್ದರೂ ನೀನು ಕಪ್ಪು. ವರ್ಜೀನಿಯಾ ರಾಜ್ಯ 1924ರಲ್ಲಿ ಇದನ್ನು ಕಾನೂನನ್ನಾಗಿಯೇ ಬರೆಯಿತು. ಮೂಲನಿವಾಸಿಗಳ ವಿಷಯದಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ಒಂದು ಹನಿ ಸಾಲದು. ಕಾಲು ಪಾಲು, ಅರ್ಧ ಪಾಲು ರಕ್ತ ಇದೆಯೆಂದು ದಾಖಲೆ ತೋರಿಸಬೇಕು. ಇದೇಕೆ ಹೀಗೆ? ಒಂದು ಕಡೆ ಬೇಕಿದ್ದದ್ದು ದುಡಿಮೆ, ಇನ್ನೊಂದು ಕಡೆ ಬೇಕಿದ್ದದ್ದು ನೆಲ. ಗುಲಾಮರ ಸಂಖ್ಯೆ ಹೆಚ್ಚಿದಷ್ಟೂ ಒಡೆಯನಿಗೆ ಲಾಭ. ನೆಲದ ಹಕ್ಕುದಾರರು ಕಡಿಮೆಯಾದಷ್ಟೂ ಲಾಭ. ರಕ್ತದ ಗಣಿತ ಎರಡೂ ಕಡೆ ಒಡೆಯನ ಲೆಕ್ಕಪುಸ್ತಕಕ್ಕೆ ಹೊಂದಿಕೊಂಡಿತು. ಟಾಮಿ ಆರೆಂಜ್ ಅವರ ‘ದೇರ್ ದೇರ್’ (2018) ಕಾದಂಬರಿಯಲ್ಲಿ ಓಕ್ಲಂಡ್ ನಗರದ ಮೂಲನಿವಾಸಿ ಹುಡುಗ ಆರ್ವಿಲ್, ತನಗೆ ಚಿಕ್ಕದಾದ ಸಾಂಪ್ರದಾಯಿಕ ಉಡುಪು ತೊಟ್ಟು ಕನ್ನಡಿಯ ಮುಂದೆ ನಿಂತು, ‘ನಿಜವಾದ ಇಂಡಿಯನ್’ (ಮೂಲನಿವಾಸಿಗಳನ್ನು ಅಲ್ಲಿ ಹೀಗೂ ಕರೆಯುತ್ತಾರೆ) ಎಂದರೇನೆಂದು ಗೂಗಲ್‌ನಲ್ಲಿ ಹುಡುಕುತ್ತಾನೆ. ಕುಣಿತವನ್ನು ಯೂಟ್ಯೂಬ್ ನೋಡಿ ಕಲಿಯುತ್ತಾನೆ. ಅವನ ಗೊಂದಲವನ್ನು ಹದಿಹರೆಯದ ತಳಮಳ ಎಂದು ಬರೆದರೆ ಅರ್ಧ ಅಂಕ ಸಿಗಬಹುದು. ಮೇಲಿನ ಗಣಿತವನ್ನು ಸೇರಿಸಿ ಬರೆಯಿರಿ.

ಸಿಕ್ಸೋನ ಹಂದಿಮರಿ

ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಕಾದಂಬರಿಯಲ್ಲಿ ಒಂದು ಸಣ್ಣ ಪ್ರಸಂಗವಿದೆ. ಈ ವಿಷಯಕ್ಕೆಲ್ಲ ಅದೇ ಕೀಲಿಕೈ ಎಂದು ನನ್ನ ಎಣಿಕೆ. ಸಿಕ್ಸೋ ಎಂಬ ಗುಲಾಮ ಹಸಿವಿನಿಂದ ಹಂದಿಮರಿಯೊಂದನ್ನು ಕೊಂದು ತಿನ್ನುತ್ತಾನೆ. ಸ್ಕೂಲ್‌ಟೀಚರ್ ಎಂದೇ ಕರೆಯಲ್ಪಡುವ ಮೇಲ್ವಿಚಾರಕ ಕದ್ದೆಯಾ ಎಂದು ಕೇಳಿದರೆ, ಕದಿಯಲಿಲ್ಲ, ನಿಮ್ಮ ಆಸ್ತಿಯನ್ನು ಉತ್ತಮಪಡಿಸಿದೆ ಎನ್ನುತ್ತಾನೆ ಸಿಕ್ಸೋ. ನಾನೂ ನಿಮ್ಮ ಆಸ್ತಿ. ನಾನು ತಿಂದರೆ ನಿಮ್ಮ ಕೆಲಸ ಹೆಚ್ಚಾಗುತ್ತದೆ. ತರ್ಕದಲ್ಲಿ ಲೋಪವಿಲ್ಲ. ಅದು ಜಾಣತನದ ಮಾತೆಂದು ಸ್ಕೂಲ್‌ಟೀಚರ್‌ಗೂ ಗೊತ್ತು. ಆದರೂ ಬಾರಿಸುತ್ತಾನೆ. ವ್ಯಾಖ್ಯೆಗಳು ವ್ಯಾಖ್ಯಾನಿಸುವವರಿಗೆ ಸೇರಿದವು, ವ್ಯಾಖ್ಯೆಗೆ ಒಳಗಾದವರಿಗಲ್ಲ ಎಂದು ತೋರಿಸುವುದಕ್ಕಾಗಿ.

ಅದೇ ಕಾದಂಬರಿಯಲ್ಲಿ ಮುದುಕಿ ಬೇಬಿ ಸಗ್ಸ್ ಬಿಡುಗಡೆಯಾಗಿ ಹೊರಡುವಾಗ ಒಡೆಯನನ್ನು ಕೇಳುತ್ತಾಳೆ: ನೀವೆಲ್ಲ ನನ್ನನ್ನು ಜೆನ್ನಿ ಎಂದು ಕರೆಯುವುದೇಕೆ? ಮಾರಾಟದ ಚೀಟಿಯಲ್ಲಿ ಹಾಗಿತ್ತು ಎಂಬ ಉತ್ತರ ಬರುತ್ತದೆ. ಬೇಬಿ ಸಗ್ಸ್ ಎಂಬುದು ಬಿಡುಗಡೆಯಾದವಳಿಗೆ ತಕ್ಕ ಹೆಸರಲ್ಲವೆಂದು ಆ ‘ಒಳ್ಳೆಯ’ ಒಡೆಯ ಬುದ್ಧಿಯನ್ನೂ ಹೇಳುತ್ತಾನೆ. ಅವಳು ಮಾತ್ರ ಗಂಡನಿಂದ ಬಂದ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ. ಎಂದಾದರೂ ಅವನು ಹುಡುಕಿಕೊಂಡು ಬಂದರೆ ಗುರುತು ಸಿಗಬೇಕಲ್ಲ.

ಸಿದ್ಧಾಂತ ಬೇಕೆನ್ನುವವರಿಗೆ ಎರಡು ಹೆಸರು. ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬೋಯಿಸ್ 1903ರಲ್ಲಿ ಹೇಳಿದ ‘ಇಮ್ಮಡಿ ಪ್ರಜ್ಞೆ’: ತನ್ನನ್ನು ಸದಾ ಬೇರೆಯವರ ಕಣ್ಣಿನಿಂದ ನೋಡಿಕೊಳ್ಳಬೇಕಾದ ಪಾಡು. ಇನ್ನೊಂದು, ಫ್ರೆಂಚ್ ಚಿಂತಕ ಅಲ್ತುಸರ್ ಕೊಟ್ಟ ಉದಾಹರಣೆ: ಬೀದಿಯಲ್ಲಿ ಪೊಲೀಸಿನವನು ‘ಏಯ್, ನೀನೇ!’ ಎಂದು ಕೂಗುತ್ತಾನೆ, ನೀವು ತಿರುಗಿ ನೋಡುತ್ತೀರಿ. ಆ ತಿರುಗುವಿಕೆಯಲ್ಲೇ ನೀವು ವ್ಯವಸ್ಥೆಯ ವ್ಯಕ್ತಿಯಾಗುತ್ತೀರಿ. ಇಷ್ಟು ಸಾಕು. ಸಿಕ್ಸೋನನ್ನು ನೆನಪಿಟ್ಟುಕೊಂಡವರಿಗೆ ಅಲ್ತುಸರ್ ಮರೆತರೂ ನಷ್ಟವಿಲ್ಲ.

ಕೋಲ್ಮನ್ ಸಿಲ್ಕ್: ಹೇಳಲಾಗದ ಒಂದು ವಾಕ್ಯ

ಫಿಲಿಪ್ ರಾತ್ ಅವರ ‘ದಿ ಹ್ಯೂಮನ್ ಸ್ಟೇನ್’ (2000) ಕಾದಂಬರಿಗೆ ಹೆಚ್ಚು ಸಮಯ ಕೊಡಬೇಕು. ಇಲ್ಲಿ ಅಸ್ಮಿತೆಯೂ ಅಧಿಕಾರವೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ.

ಕಾಲ 1998ರ ಬೇಸಿಗೆ. ಅಧ್ಯಕ್ಷ ಕ್ಲಿಂಟನ್ ಅವರ ಲೈಂಗಿಕ ಹಗರಣದ ಸುದ್ದಿಯಲ್ಲಿ ದೇಶಕ್ಕೆ ದೇಶವೇ ಮುಳುಗಿದೆ. ನ್ಯೂ ಇಂಗ್ಲೆಂಡಿನ ಅಥೀನಾ ಎಂಬ ಕಲ್ಪಿತ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಸಾಹಿತ್ಯ ಕಲಿಸುತ್ತಿದ್ದ, ಒಮ್ಮೆ ಡೀನ್ ಆಗಿದ್ದ ಕೋಲ್ಮನ್ ಸಿಲ್ಕ್‌ಗೆ ಈಗ 71 ವರ್ಷ. ಎರಡು ವರ್ಷಗಳ ಹಿಂದೆ, ಹಲವು ವಾರಗಳಿಂದ ತರಗತಿಗೆ ಬಾರದ ಇಬ್ಬರ ಬಗ್ಗೆ ಆತ ಕೇಳಿದ್ದ: ಇವರು ನಿಜಕ್ಕೂ ಇದ್ದಾರೆಯೇ ಅಥವಾ ‘ಸ್ಪೂಕ್ಸ್’ಗಳೇ? ಆ ಪದಕ್ಕೆ ದೆವ್ವ ಎಂದು ಅರ್ಥ. ಕಪ್ಪು ಜನರನ್ನು ಹೀಯಾಳಿಸುವ ಹಳೆಯ ಬೈಗುಳವೂ ಹೌದು. ಅವನು ಕಣ್ಣಾರೆ ಕಂಡೇ ಇರದ ಆ ಇಬ್ಬರು ಕಪ್ಪು ವಿದ್ಯಾರ್ಥಿಗಳಾಗಿದ್ದರು. ದೂರು ಹೋಗುತ್ತದೆ, ವಿಚಾರಣೆ ನಡೆಯುತ್ತದೆ, ಆತ ಕೆರಳಿ ರಾಜೀನಾಮೆ ಕೊಡುತ್ತಾನೆ. ಈ ಗದ್ದಲದ ನಡುವೆ ಹೆಂಡತಿ ಐರಿಸ್ ತೀರಿಕೊಳ್ಳುತ್ತಾಳೆ.

ಓದುಗರಿಗೆ ತಡವಾಗಿ ತಿಳಿಯುವ ಸಂಗತಿ ಎಂದರೆ, ಕೋಲ್ಮನ್ ಸಿಲ್ಕ್ ಸ್ವತಃ ಕಪ್ಪು ಕುಟುಂಬದಲ್ಲಿ ಹುಟ್ಟಿದವನು. ನ್ಯೂ ಜೆರ್ಸಿಯ ಈಸ್ಟ್ ಆರೆಂಜ್‌ನ ತಿಳಿಬಣ್ಣದ ಹುಡುಗ ನೌಕಾಪಡೆಗೆ ಸೇರುವಾಗ ಬಿಳಿಯನೆಂದು ಬರೆಸಿ, ಮುಂದೆ ಯಹೂದಿಯೆಂದು ಬಾಳಿದ. ಇದಕ್ಕೆ ಅಲ್ಲಿ ‘ಪಾಸಿಂಗ್’ ಎನ್ನುತ್ತಾರೆ. ನೆಲ್ಲಾ ಲಾರ್ಸೆನ್ 1929ರಲ್ಲಿ ಬರೆದ ಪುಟ್ಟ ಕಾದಂಬರಿಯ ಹೆಸರೇ ‘ಪಾಸಿಂಗ್’. ಮೊದಲು ಅದನ್ನು ಓದಿ ಇಲ್ಲಿಗೆ ಬರುವುದು ಒಳ್ಳೆಯದು. ಈಗ ಕೋಲ್ಮನ್‌ನ ಸಂಕಟ ನೋಡಿ. ಜನಾಂಗದ್ವೇಷದ ಆರೋಪದಿಂದ ಪಾರಾಗಲು ಅವನಿಗೆ ಒಂದೇ ವಾಕ್ಯ ಸಾಕು: ‘ನಾನೂ ಕಪ್ಪು.’ ಆದರೆ ಆ ಒಂದು ವಾಕ್ಯ ಅರ್ಧ ಶತಮಾನದ ಬದುಕನ್ನು ಸುಟ್ಟುಬಿಡುತ್ತದೆ. ಸತ್ತ ಹೆಂಡತಿಗೆ, ನಾಲ್ಕು ಮಕ್ಕಳಿಗೆ ಹೇಳದ ಸತ್ಯವನ್ನು ಗುಮಾಸ್ತರ ಎದುರು ಹೇಳುವುದುಂಟೇ?

ಈ ಗುಟ್ಟು ಹುಟ್ಟಿದ್ದು ಹೇಗೆ ಎಂಬಲ್ಲಿ ರಾತ್ ನಿಧಾನಿಸುತ್ತಾರೆ. ಅಂಗಡಿ ಕಳೆದುಕೊಂಡು ರೈಲಿನ ಊಟದ ಬೋಗಿಯಲ್ಲಿ ಪರಿಚಾರಕನಾದ ತಂದೆ ಷೇಕ್ಸ್‌ಪಿಯರ್‌ನನ್ನು ಪೂಜಿಸುವವನು. ಮಕ್ಕಳ ನಡುಹೆಸರುಗಳನ್ನೆಲ್ಲ ‘ಜೂಲಿಯಸ್ ಸೀಸರ್’ ನಾಟಕದಿಂದಲೇ ಆರಿಸಿದ: ವಾಲ್ಟರ್ ಆಂಟನಿ, ಅರ್ನೆಸ್ಟೀನ್ ಕಲ್ಪೂರ್ನಿಯಾ, ಕೋಲ್ಮನ್ ಬ್ರೂಟಸ್. ಬ್ರೂಟಸ್! ಮನೆಯವರಿಗೆ ಇರಿಯುವವನು ಯಾರೆಂದು ಹೆಸರೇ ಹೇಳುತ್ತದೆ. ತಂದೆಯ ಇಚ್ಛೆಯಂತೆ ವಾಷಿಂಗ್ಟನ್ನಿನ ಹೊವಾರ್ಡ್ ಎಂಬ ಕಪ್ಪು ವಿದ್ಯಾರ್ಥಿಗಳ ವಿಶ್ವವಿದ್ಯಾಲಯಕ್ಕೆ ಹೋದಾಗ ಅವನಿಗೆ ಎರಡು ಪೆಟ್ಟು ಬೀಳುತ್ತದೆ. ಒಂದು ಅಂಗಡಿಯಲ್ಲಿ ತಿಂಡಿ ಕೊಡಲು ನಿರಾಕರಿಸಿ ಬೈಗುಳದಿಂದ ಕರೆಯುತ್ತಾರೆ. ಇದು ಬಿಳಿಯರ ಪೆಟ್ಟು. ಇನ್ನೊಂದು, ವಿಶ್ವವಿದ್ಯಾಲಯದ ಒಳಗಡೆ ಅವನು ‘ನಾವು’ ಎಂಬುದರೊಳಗೆ ಕರಗಬೇಕಾಗುತ್ತದೆ. ಅವನಿಗೆ ‘ಅವರು’ ಎಷ್ಟು ಬೇಡವೋ ‘ನಾವು’ ಎಂಬುದೂ ಅಷ್ಟೇ ಬೇಡ. ಬೇಕಾದದ್ದು ಬರೀ ‘ನಾನು’.

ಆ ‘ನಾನು’ವಿಗೆ ತೆತ್ತ ಬೆಲೆ ಒಂದು ಅಡುಗೆಮನೆಯ ಮಾತುಕತೆಯಷ್ಟು ಚಿಕ್ಕದು, ಆದರೆ ಕಾದಂಬರಿಯಲ್ಲೇ ಅತ್ಯಂತ ಕ್ರೂರವಾದದ್ದು. ಮದುವೆಗೆ ಮುನ್ನ ತಾಯಿಯ ಬಳಿ ಹೋಗಿ, ಇನ್ನು ಮುಂದೆ ನೀನು ನನ್ನನ್ನು ನೋಡುವ ಹಾಗಿಲ್ಲ, ಮೊಮ್ಮಕ್ಕಳಿಗೆ ನಿನ್ನ ಗುರುತೇ ಇರುವುದಿಲ್ಲ ಎನ್ನುತ್ತಾನೆ. ಅವಳು ಅಳುವುದಿಲ್ಲ. ಹಿಮದಷ್ಟು ಬೆಳ್ಳಗಿದ್ದರೂ ನೀನು ಯೋಚಿಸುವುದು ಗುಲಾಮನಂತೆ ಎಂದುಬಿಡುತ್ತಾಳೆ. ಸ್ವಾತಂತ್ರ್ಯವೆಂದು ಅವನು ಕರೆದದ್ದಕ್ಕೆ ಅವಳು ಬೇರೆ ಹೆಸರಿಟ್ಟಳು. ಪ್ರಬಂಧಕ್ಕೆ ಒಂದೇ ಸನ್ನಿವೇಶ ಆರಿಸಿಕೊಳ್ಳಬೇಕೆಂದರೆ ಇದನ್ನೇ ಆರಿಸಿಕೊಳ್ಳಿ.

ನನ್ನ ತಕರಾರೂ ಒಂದಿದೆ. ಕೋಲ್ಮನ್‌ನ ಎದುರಾಳಿ, ಫ್ರೆಂಚ್ ಪ್ರಾಧ್ಯಾಪಕಿ ಡೆಲ್ಫಿನ್ ರೂ, ‘ಎಲ್ಲರಿಗೂ ಗೊತ್ತು’ ಎಂದು ಶುರುವಾಗುವ ಅನಾಮಧೇಯ ಪತ್ರ ಬರೆಯುತ್ತಾಳೆ. ಆ ಎರಡು ಪದಗಳ ಬಗ್ಗೆ ರಾತ್ ಬರೆದಿರುವುದು ಅದ್ಭುತ. ಗುಂಪಿನ ಅಧಿಕಾರ ಯಾವಾಗಲೂ ‘ಎಲ್ಲರಿಗೂ ಗೊತ್ತು’ ಎಂದೇ ಮಾತನಾಡುತ್ತದೆ. ಆದರೆ ಆ ಹೆಂಗಸನ್ನು ಮಾತ್ರ ಅವರು ವ್ಯಂಗ್ಯಚಿತ್ರದಂತೆ ಬರೆದಿದ್ದಾರೆ. ಕೋಲ್ಮನ್‌ಗೆ ಕೊಟ್ಟ ಆಳದ ಹತ್ತನೇ ಒಂದು ಪಾಲು ಅವಳಿಗೆ ಕೊಟ್ಟಿಲ್ಲ. ದೂರು ಕೊಟ್ಟ ವಿದ್ಯಾರ್ಥಿಗಳಂತೂ ಕೊನೆಯವರೆಗೂ ದೆವ್ವಗಳಾಗಿಯೇ ಉಳಿಯುತ್ತಾರೆ.

ಒಂದು ಉಪಕಥೆ. ಈ ಪಾತ್ರಕ್ಕೆ ಲೇಖಕ ಅನಟೋಲ್ ಬ್ರೊಯಾರ್ಡ್ ಅವರೇ ಸ್ಫೂರ್ತಿ ಎಂದು ವಿಕಿಪೀಡಿಯಾದಲ್ಲಿ ಸೂಚಿಸಲಾಗಿತ್ತು. ಅಲ್ಲ, ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ಮೆಲ್ವಿನ್ ಟ್ಯೂಮಿನ್ ಎಂದು ತಿದ್ದಿಸಲು ರಾತ್ ಹೊರಟರೆ, ಲೇಖಕರ ಮಾತೊಂದೇ ಸಾಲದು, ಬೇರೆ ಆಧಾರ ಬೇಕು ಎಂಬ ಉತ್ತರ ಬಂತು. ಕೊನೆಗೆ 2012ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಹಿರಂಗ ಪತ್ರವನ್ನೇ ಬರೆದರು. ತನ್ನ ಪುಸ್ತಕದ ಮೂಲ ಯಾವುದೆಂದು ಹೇಳಲು ಬರೆದವನಿಗೇ ಅಧಿಕಾರವಿಲ್ಲ! ಸಿಕ್ಸೋ ಇದ್ದಿದ್ದರೆ ನಗುತ್ತಿದ್ದನೇನೋ.

ಸ್ಟೆಲಾ: ತಿದ್ದದೆ ಬಿಟ್ಟ ತಪ್ಪು

ಬ್ರಿಟ್ ಬೆನೆಟ್ ಅವರ ‘ದಿ ವ್ಯಾನಿಶಿಂಗ್ ಹಾಫ್’ ಪ್ರಕಟವಾದದ್ದು 2020ರ ಜೂನ್ ಆರಂಭದಲ್ಲಿ, ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತು ವಾರವಷ್ಟೇ ಕಳೆದಿತ್ತು. ಲೂಸಿಯಾನಾದ ಮಲಾರ್ಡ್ ಎಂಬ ಕಲ್ಪಿತ ಊರು. ಬಿಳಿಯರು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಕಪ್ಪು ಜನರ ಜೊತೆ ಬೆರೆಯಲು ತಮಗೇ ಇಷ್ಟವಿಲ್ಲ, ಅಂಥ ತಿಳಿಬಣ್ಣದವರು ತಮಗೆಂದೇ ಕಟ್ಟಿಕೊಂಡದ್ದು. ಪೀಳಿಗೆಯಿಂದ ಪೀಳಿಗೆಗೆ ಬಣ್ಣ ತಿಳಿಯಾಗಬೇಕೆಂಬುದು ಅಲ್ಲಿನವರ ಹಂಬಲ. ಮದುವೆಯ ಜಾಹೀರಾತುಗಳಲ್ಲಿ ‘ಬೆಳ್ಳಗಿನ ವಧು’ ಓದಿ ಬೆಳೆದ ನಮಗೆ ಈ ಊರು ಅಪರಿಚಿತವೇನಲ್ಲ. ಆದರೆ ಬಣ್ಣ ಅಲ್ಲಿ ಯಾರನ್ನೂ ಕಾಯುವುದಿಲ್ಲ. ಅವಳಿ ಸೋದರಿಯರಾದ ಡಿಸೈರೆ ಮತ್ತು ಸ್ಟೆಲಾರ ತಂದೆಯನ್ನು ಬಿಳಿಯರು ಕೊಲ್ಲುತ್ತಾರೆ.

1954ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಇಬ್ಬರೂ ನ್ಯೂ ಆರ್ಲಿನ್ಸ್‌ಗೆ ಓಡಿಹೋಗುತ್ತಾರೆ. ಕೆಲಸಕ್ಕೆ ಹೋದ ಕಡೆ ಸ್ಟೆಲಾಳನ್ನು ಬಿಳಿಯಳೆಂದು ಅವರೇ ಎಣಿಸುತ್ತಾರೆ. ಅವಳು ಸುಳ್ಳು ಹೇಳುವುದಿಲ್ಲ, ತಿದ್ದುವುದೂ ಇಲ್ಲ. ಕೋಲ್ಮನ್‌ಗೂ ಅವಳಿಗೂ ಇರುವ ವ್ಯತ್ಯಾಸ ಇದು: ಅವನದು ಹಟದ ತೀರ್ಮಾನ, ಅವಳದು ಮೌನದೊಳಗೆ ಜಾರಿದ್ದು. ಮುಂದೆ ಲಾಸ್ ಏಂಜಲೀಸ್‌ನ ಶ್ರೀಮಂತ ಬಡಾವಣೆಯಲ್ಲಿ ಗೃಹಿಣಿ. ಎದುರಿನ ಮನೆಗೆ ಕಪ್ಪು ಕುಟುಂಬವೊಂದು ಬರಲಿದೆ ಎಂದಾಗ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ವಿರೋಧಿಸುವವಳು ಅವಳೇ. ಬಿಳಿಯರು ತನ್ನನ್ನು ಗುರುತಿಸುವುದಿಲ್ಲವೆಂದು ಅವಳಿಗೆ ಗೊತ್ತು. ಕಪ್ಪು ನೆರೆಯವಳೊಬ್ಬಳು ಗುರುತಿಸಿಬಿಟ್ಟರೆ? ಅಧಿಕಾರದ ಮನೆಯೊಳಗೆ ಕಳ್ಳಬಾಗಿಲಿನಿಂದ ಬಂದವರು ಬಾಗಿಲು ಕಾಯುವವರಿಗಿಂತ ಗಟ್ಟಿಯಾಗಿ ಅಗುಳಿ ಹಾಕುತ್ತಾರೆ.

ಬೆನೆಟ್ ಇನ್ನೊಂದು ಜಾಣ ಕೆಲಸ ಮಾಡಿದ್ದಾರೆ. ಡಿಸೈರೆಯ ಮಗಳು ಜೂಡ್ ಪ್ರೀತಿಸುವ ರೀಸ್, ಹೆಣ್ಣೆಂದು ಬೆಳೆಸಲ್ಪಟ್ಟು ಗಂಡಾಗಿ ಬದುಕುವವನು. ಅವನೂ ಹಳೆಯ ಹೆಸರನ್ನು ಬಿಟ್ಟು ಬಂದವನೇ. ಆದರೆ ಸ್ಟೆಲಾ ತನ್ನಿಂದ ದೂರವಾಗಲು ಬದಲಾದರೆ, ರೀಸ್ ತನಗೆ ಹತ್ತಿರವಾಗಲು ಬದಲಾಗುತ್ತಾನೆ. ಎರಡನ್ನೂ ‘ವೇಷ’ ಎಂದು ಒಂದೇ ತಕ್ಕಡಿಗೆ ಹಾಕಿದ ಉತ್ತರಗಳನ್ನು ನೋಡಿದ್ದೇನೆ. ಆ ತಪ್ಪು ಮಾಡಬೇಡಿ.

ಗೊಗೊಲ್ ಮತ್ತು ನಮ್ಮ ಇನಿಷಿಯಲ್

ಜುಂಪಾ ಲಾಹಿರಿ ಅವರ ‘ದಿ ನೇಮ್‌ಸೇಕ್’ (2003) ಕಾದಂಬರಿಯನ್ನು ವಲಸಿಗರ ಭಾವುಕ ಕಥೆಯೆಂದು ಓದಿ ಮುಗಿಸುವುದು ವಾಡಿಕೆ. ಹೆಸರಿನ ಎಳೆಯನ್ನು ಹಿಡಿದರೆ ಅದು ಕಚೇರಿಗಳ ಕಥೆ. 1968ರಲ್ಲಿ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆ; ಮಗುವಿಗೆ ಹೆಸರು ಆರಿಸಿದ ಮುತ್ತಜ್ಜಿಯ ಕಾಗದ ಕೊಲ್ಕತ್ತದಿಂದ ಬಂದು ತಲುಪಿಲ್ಲ. ಜನನಪತ್ರಕ್ಕೆ ಹೆಸರು ಬರೆಯದೆ ಮನೆಗೆ ಕಳಿಸುವುದಿಲ್ಲ ಎನ್ನುತ್ತಾರೆ. ತಂದೆಯ ಹೆಸರನ್ನೇ ಇಡಬಹುದಲ್ಲ ಎಂಬ ಸಲಹೆಯೂ ಬರುತ್ತದೆ, ಬಂಗಾಳಿಗಳಿಗೆ ಅದು ಸಲ್ಲದೆಂದು ತಿಳಿಯದೆ. ಹೀಗೆ ಗೊಗೊಲ್ ಎಂಬ ಮುದ್ದಿನ ಹೆಸರು ದಾಖಲೆ ಸೇರುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ತಂದೆ ನಿಖಿಲ್ ಎಂಬ ‘ಒಳ್ಳೆಯ ಹೆಸರು’ ಬರೆಸಿದರೆ, ಮುಖ್ಯೋಪಾಧ್ಯಾಯಿನಿ ಐದು ವರ್ಷದ ಮಗುವನ್ನೇ ಕೇಳಿ ಗೊಗೊಲ್ ಎಂದೇ ಉಳಿಸುತ್ತಾರೆ. ಮಗುವಿನ ಇಚ್ಛೆಗೆ ಬೆಲೆ ಕೊಟ್ಟಂತೆ ಕಾಣುತ್ತದೆ. ತಂದೆಯ ಮಾತು ಮಾತ್ರ ಗಾಳಿಗೆ ಹೋಯಿತು. ಒಳ್ಳೆಯತನದ ಮುಖ ಹೊತ್ತ ಅಧಿಕಾರಕ್ಕೆ ಇದಕ್ಕಿಂತ ಮೃದುವಾದ ಚಿತ್ರ ನಾನು ಓದಿಲ್ಲ. ಕಾಲೇಜಿಗೆ ಹೊರಡುವ ಮುನ್ನ ಹುಡುಗ ನ್ಯಾಯಾಲಯಕ್ಕೆ ಹೋಗಿ ನಿಖಿಲ್ ಆಗುತ್ತಾನೆ. ಮುಂದೆ ನಿಖಿಲ್ ಎಂದು ಕರೆಸಿಕೊಂಡಾಗಲೆಲ್ಲ ಯಾರನ್ನೋ ಕರೆದಂತೆ ಅನ್ನಿಸುತ್ತದೆ. ಲೇಖಕಿಗೂ ಹೀಗೇ ಆಗಿತ್ತು: ಜುಂಪಾ ಎಂಬುದು ಮನೆಯ ಹೆಸರು, ಉಚ್ಚರಿಸಲು ಸುಲಭವೆಂದು ಶಾಲೆಯವರು ಅದನ್ನೇ ಆರಿಸಿಕೊಂಡರು.

ಕನ್ನಡಿಗರಿಗೆ ಇಲ್ಲಿ ನಗು ಬರಬೇಕು, ಯಾಕೆಂದರೆ ನಮ್ಮ ಪಾಡು ಇನ್ನೂ ವಿಚಿತ್ರ. ಕೆ.ವಿ. ಪುಟ್ಟಪ್ಪ ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ಕೊನೆಗೆ ತಾನು. ಅಮೆರಿಕದ ಅರ್ಜಿಗಳಲ್ಲಿ ‘ಕೊನೆಯ ಹೆಸರು’ ಎಂದರೆ ಮನೆತನದ ಹೆಸರು. ನಮ್ಮ ಕೊನೆಯಲ್ಲಿರುವುದು ನಾವೇ. ಇನಿಷಿಯಲ್ ಬಿಡಿಸಿ ಬರೆದ ಮಗಳನ್ನು ಅಲ್ಲಿನ ಕಚೇರಿಯಲ್ಲಿ ಅಪ್ಪನ ಹೆಸರಿನಿಂದ ಕೂಗುತ್ತಾರೆ; ಅವಳು ಎದ್ದು ನಿಲ್ಲಲೇಬೇಕು. ಅಲ್ತುಸರ್‌ನ ಪೊಲೀಸಿನವನು ನೆನಪಾದರೆ ಸರಿ.

ಚೈನಾಟೌನ್ ಹುಡುಗನೂ ವಾಲ್ ಸ್ಟ್ರೀಟ್ ಧಣಿಯೂ

ಚಾರ್ಲ್ಸ್ ಯು ಅವರ ‘ಇಂಟೀರಿಯರ್ ಚೈನಾಟೌನ್’ (2020ರ ನ್ಯಾಷನಲ್ ಬುಕ್ ಅವಾರ್ಡ್) ಇಡೀ ಕಾದಂಬರಿಯೇ ಚಿತ್ರಕಥೆಯ ರೂಪದಲ್ಲಿದೆ. ವಿಲಿಸ್ ವೂ ಟಿವಿ ಧಾರಾವಾಹಿಯಲ್ಲಿ ಹೆಸರಿಲ್ಲದ ‘ಏಷ್ಯಾದ ಮನುಷ್ಯ’. ಬಡ್ತಿ ಸಿಕ್ಕಿದರೆ ಕೊನೆಗೆ ಕುಂಗ್‌ಫು ವೀರನಾಗಬಹುದು. ಅಲ್ಲಿಗೆ ಏಣಿ ಮುಗಿಯಿತು. ಶವದ ಪಾತ್ರ ಮಾಡಿದರೆ 45 ದಿನ ಕೆಲಸವಿಲ್ಲ, ಜನ ಮುಖ ಮರೆಯಬೇಕಲ್ಲ. ರೂಪವೇ ಇಲ್ಲಿ ವಾದ: ಪಾತ್ರಪಟ್ಟಿ ಬರೆಯುವವರು ಬೇರೆ, ಬದುಕುವವರು ಬೇರೆ.

ಇದುವರೆಗೆ ಬಣ್ಣ, ಜನಾಂಗ, ವಲಸೆ ಎಂದೆಲ್ಲ ನೋಡಿದೆವು. ಹಣ? ಹೆರ್ನಾನ್ ಡಯಾಸ್ ಅವರ ‘ಟ್ರಸ್ಟ್’ (2022) ಅದಕ್ಕೆಂದೇ ಬೇಕು. 2023ರ ಪುಲಿಟ್ಜರ್ ಬಹುಮಾನವನ್ನು ಬಾರ್ಬರಾ ಕಿಂಗ್‌ಸಾಲ್ವರ್ ಅವರ ‘ಡೀಮನ್ ಕಾಪರ್‌ಹೆಡ್’ ಜೊತೆ ಹಂಚಿಕೊಂಡ ಪುಸ್ತಕ ಇದು. ಒಂದೇ ಸಂಸಾರದ ಬಗ್ಗೆ ನಾಲ್ಕು ಬರಹಗಳು: ಒಂದು ಕಾದಂಬರಿ, ಧಣಿಯ ಅಪೂರ್ಣ ಆತ್ಮಕಥೆ, ಅದನ್ನು ಬರೆದುಕೊಟ್ಟ ಹುಡುಗಿಯ ನೆನಪು, ಧಣಿಯ ಹೆಂಡತಿಯ ದಿನಚರಿ. ಶೇರುಪೇಟೆಯ ದೊರೆ ಆಂಡ್ರ್ಯೂ ಬೆವೆಲ್ ತನ್ನ ಹೆಂಡತಿ ಮಿಲ್ಡ್ರೆಡ್ ಸೌಮ್ಯಳೂ ಸರಳಳೂ ಆಗಿದ್ದಳೆಂದು ಲೋಕ ನಂಬಬೇಕೆಂದು ಬಯಸುತ್ತಾನೆ. ಬಾಡಿಗೆ ಬರಹಗಾರ್ತಿ ಐಡಾ, ಬ್ರೂಕ್ಲಿನ್ನಿನ ಮುದ್ರಣಗಾರನ ಮಗಳು, ಖಾಲಿ ಜಾಗಗಳಿಗೆ ತನ್ನ ಮನೆಯದೇ ಸಣ್ಣಪುಟ್ಟ ವಿವರಗಳನ್ನು ಕಲ್ಪಿಸಿ ತುಂಬುತ್ತಾಳೆ. ಸ್ವಲ್ಪ ದಿನಗಳಲ್ಲಿ ಧಣಿ ಅವನ್ನೇ ತನ್ನ ನೆನಪುಗಳೆಂದು ಅವಳಿಗೇ ಹೇಳತೊಡಗುತ್ತಾನೆ! ಆ ಜಾಗದಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ಕೊನೆಯ ದಿನಚರಿಯಲ್ಲಿ ಆ ಸಾಮ್ರಾಜ್ಯದ ಬುದ್ಧಿ ಯಾರದೆಂದು ತಿಳಿಯುತ್ತದೆ. ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಅಸ್ಮಿತೆಯ ಬಿಕ್ಕಟ್ಟು ಬಡವರಿಗೆ, ವಲಸಿಗರಿಗೆ ಮಾತ್ರ ಬರುತ್ತದೆಂದು ತಿಳಿದವರು ಇದನ್ನು ಓದಬೇಕು. ಬೆವೆಲ್‌ಗೂ ಬಿಕ್ಕಟ್ಟಿದೆ, ಆದರೆ ಅವನಿಗೆ ಅದನ್ನು ಪರಿಹರಿಸಿಕೊಳ್ಳಲು ಹಣವಿದೆ.

ಪರ್ಸಿವಲ್ ಎವರೆಟ್: ಅಂಗಡಿಯ ಕಪಾಟಿನಿಂದ ಪೆನ್ಸಿಲಿನವರೆಗೆ

ಎವರೆಟ್ ಅವರ ‘ಇರೇಶರ್’ (2001) ನಾಯಕ ಥೆಲೋನಿಯಸ್ ಎಲಿಸನ್, ಎಲ್ಲರ ಬಾಯಲ್ಲಿ ಮಂಕ್. ಮೊದಲ ಹೆಸರು ಜಾಝ್ ಸಂಗೀತಗಾರನದು, ಕೊನೆಯದು ರಾಲ್ಫ್ ಎಲಿಸನ್‌ನನ್ನು ನೆನಪಿಸುವಂಥದ್ದು. 1952ರ ‘ಇನ್‌ವಿಸಿಬಲ್ ಮ್ಯಾನ್’ ಬರೆದ ಆ ಎಲಿಸನ್‌ನ ನಾಯಕನಿಗೆ ಹೆಸರೇ ಇಲ್ಲ. ಸಂಘಟನೆಯೊಂದು ಚೀಟಿಯಲ್ಲಿ ಹೆಸರು ಬರೆದುಕೊಡುತ್ತದೆ, ಅದೂ ನಮಗೆ ಕಾಣುವುದಿಲ್ಲ. ಮಂಕ್ ಗ್ರೀಕ್ ಪುರಾಣಗಳನ್ನು ಮರುಕಥಿಸುವ ಕ್ಲಿಷ್ಟ ಬರಹಗಾರ. ಪುಸ್ತಕದಂಗಡಿಗೆ ಹೋದರೆ ಅವನ ಪುಸ್ತಕಗಳು ಆಫ್ರಿಕನ್ ಅಮೆರಿಕನ್ ಅಧ್ಯಯನದ ಕಪಾಟಿನಲ್ಲಿರುತ್ತವೆ. ಒಳಗಿನ ಪುಟಗಳಲ್ಲಿ ಜನಾಂಗದ ಮಾತೇ ಇಲ್ಲ. ಕಪಾಟನ್ನು ತೀರ್ಮಾನಿಸಿದ್ದು ಹಿಂಬದಿಯ ಭಾವಚಿತ್ರ. ಸಾಕಷ್ಟು ‘ಕಪ್ಪಾಗಿ’ ಬರೆಯುತ್ತಿಲ್ಲವೆಂದು ಪ್ರಕಾಶಕರು ತಿರಸ್ಕರಿಸುತ್ತಾರೆ.

ರೇಗಿದ ಮಂಕ್, ಕೊಳೆಗೇರಿ, ಬಂದೂಕು, ಮುರುಕು ಭಾಷೆ ಎಲ್ಲ ತುಂಬಿದ ಅಣಕದ ಕಾದಂಬರಿಯೊಂದನ್ನು ಸ್ಟ್ಯಾಗ್ ಆರ್. ಲೀ ಎಂಬ ಸುಳ್ಳು ಹೆಸರಿನಲ್ಲಿ ಬರೆದು ಕಳಿಸುತ್ತಾನೆ. ಅದು ಇಡಿಯಾಗಿ ನಮ್ಮ ಕೈಯಲ್ಲಿರುವ ಕಾದಂಬರಿಯೊಳಗೇ ಅಚ್ಚಾಗಿದೆ. ಅಣಕ ಯಾರಿಗೂ ತಿಳಿಯುವುದಿಲ್ಲ. ಹಣ ಸುರಿಯುತ್ತದೆ, ಮರೆವಿನ ರೋಗದ ತಾಯಿಯನ್ನು ನೋಡಿಕೊಳ್ಳಲು ಆ ಹಣ ಬೇಕೇ ಬೇಕು. ಕೊನೆಗೆ ಮಂಕ್ ತೀರ್ಪುಗಾರನಾಗಿರುವ ಬಹುಮಾನಕ್ಕೇ ಆ ಪುಸ್ತಕ ಬರುತ್ತದೆ. ಅವನೊಬ್ಬ ಬೇಡವೆಂದರೂ ಉಳಿದವರು ಗೆಲ್ಲಿಸುತ್ತಾರೆ. ತಾಯಿ ತಾನು ಯಾರೆಂಬುದನ್ನು ರೋಗದಿಂದ ಮರೆಯುತ್ತಿದ್ದರೆ, ಮಗನನ್ನು ಮಾರುಕಟ್ಟೆ ಅಳಿಸುತ್ತಿದೆ. ಎರಡು ಅಳಿಸುವಿಕೆಗಳನ್ನು ಎವರೆಟ್ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ, ವಿವರಿಸುವುದಿಲ್ಲ. 2023ರಲ್ಲಿ ಇದು ‘ಅಮೆರಿಕನ್ ಫಿಕ್ಷನ್’ ಎಂಬ ಸಿನಿಮಾ ಆಗಿ, ರೂಪಾಂತರಿತ ಚಿತ್ರಕಥೆಗೆ ಆಸ್ಕರ್ ಪಡೆಯಿತು. ಸಿನಿಮಾ ನೋಡಿ ಉತ್ತರ ಬರೆಯುವವರಿಗೆ ಎಚ್ಚರಿಕೆ: ಪುಸ್ತಕದ ಕಹಿ ಅಲ್ಲಿ ಬಹಳ ತೆಳುವಾಗಿದೆ.

ಸ್ಟ್ಯಾಗ್ ಆರ್. ಲೀ ಬರೆದ ಆ ಮುರುಕು ಭಾಷೆಯೇ ಎವರೆಟ್ ಅವರದೇ 2024ರ ಕಾದಂಬರಿ ‘ಜೇಮ್ಸ್’ನಲ್ಲಿ ಇನ್ನೊಂದು ರೂಪದಲ್ಲಿ ಮರಳುತ್ತದೆ. ಮಾರ್ಕ್ ಟ್ವೇನ್‌ನ ಹಕಲ್‌ಬರಿ ಫಿನ್ ಕಥೆಯನ್ನು ಇಲ್ಲಿ ಹಕ್‌ನ ಜೊತೆಗಾರ, ಗುಲಾಮ ಜಿಮ್ ಹೇಳುತ್ತಾನೆ. ಗುಲಾಮರು ತಮ್ಮತಮ್ಮಲ್ಲಿ ಶುದ್ಧ ಇಂಗ್ಲಿಷ್ ಆಡುತ್ತಾರೆ, ಬಿಳಿಯರು ಬಂದೊಡನೆ ತೊದಲತೊಡಗುತ್ತಾರೆ. ಜಿಮ್ ಮಕ್ಕಳಿಗೆ ಆ ತೊದಲನ್ನೇ ಪಾಠ ಹೇಳಿಕೊಡುತ್ತಾನೆ. ಯಜಮಾನಿಯ ಅಡುಗೆಮನೆಗೆ ಬೆಂಕಿ ಬಿದ್ದರೆ ಏನನ್ನಬೇಕು? ಬೆಂಕಿ ಎನ್ನಬಾರದು, ‘ಅಯ್ಯೋ ದೇವರೇ, ಅಲ್ಲಿ ನೋಡಿ’ ಎಂದು ಕೂಗಿ, ಅದು ಬೆಂಕಿಯೆಂದು ಅವಳೇ ಹೇಳುವಂತೆ ಬಿಡಬೇಕು. ಏಕೆಂದರೆ ಎಲ್ಲವನ್ನೂ ನಮಗಿಂತ ಮೊದಲು ತಿಳಿಯುವವರು, ಎಲ್ಲಕ್ಕೂ ಹೆಸರಿಡುವವರು ಅವರಾಗಿರಬೇಕು. ಸಿಕ್ಸೋ ಏಟು ತಿಂದು ಕಲಿತದ್ದನ್ನು ಈ ಮಕ್ಕಳು ಪಾಠವಾಗಿ ಕಲಿಯುತ್ತಿದ್ದಾರೆ.

ಮುಂದೆ ಜಿಮ್ ಒಂದು ಹಾಡುಗಾರರ ತಂಡದ ಕೈಗೆ ಸಿಗುತ್ತಾನೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ತಂಡ ಅದು. ಅಲ್ಲಿ ಅವನೂ ಮಸಿ ಬಳಿದುಕೊಂಡು, ಕಪ್ಪು ವೇಷದ ಬಿಳಿಯನೆಂದು ನಟಿಸಬೇಕಾಗುತ್ತದೆ. ಅದೇ ತಂಡದ ನಾರ್ಮನ್ ಬಿಳಿಯನಂತೆ ಕಾಣುವ ಕಪ್ಪು ಮನುಷ್ಯ. ಕೋಲ್ಮನ್, ಸ್ಟೆಲಾ ಇಬ್ಬರೂ ಅವನಲ್ಲಿ ಹಣಕಿಹಾಕಿ ಹೋಗುತ್ತಾರೆ. ಇದಕ್ಕೂ ಮೊದಲು, ಬರೆಯಬೇಕೆಂದು ಜಿಮ್ ಪೆನ್ಸಿಲಿನ ತುಂಡೊಂದನ್ನು ಕೇಳಿರುತ್ತಾನೆ. ಒಡೆಯನಿಂದ ಅದನ್ನು ಕದ್ದು ತಂದುಕೊಟ್ಟ ಯುವಕನನ್ನು ಕೊಲ್ಲುತ್ತಾರೆ. ಕಾದಂಬರಿಯ ಉಳಿದ ಭಾಗದುದ್ದಕ್ಕೂ ಜಿಮ್ ಆ ಪೆನ್ಸಿಲನ್ನು ಜೇಬಿನಲ್ಲಿ ಹೊತ್ತು ನಡೆಯುತ್ತಾನೆ.

ಕೊನೆಯ ಪುಟದಲ್ಲಿ ಓಡಿಬಂದ ಗುಂಪು ಅಯೋವಾದ ಒಂದು ಊರು ತಲುಪಿದೆ. ಎದುರಿಗೆ ಶೆರೀಫ್. ನಿಮ್ಮಲ್ಲಿ ಜಿಮ್ ಎಂಬವನು ಯಾರು ಎನ್ನುತ್ತಾನೆ, ಹೆಸರಿನ ಹಿಂದೆ ಕಪ್ಪು ಜನರನ್ನು ಹೀಯಾಳಿಸುವ ಬೈಗುಳವನ್ನೂ ಸೇರಿಸಿ. ನಾಯಕ ತನ್ನವರನ್ನು ಒಬ್ಬೊಬ್ಬರನ್ನಾಗಿ ತೋರಿಸಿ ಹೆಸರು ಹೇಳುತ್ತಾನೆ. ಮತ್ತೆ ನೀನು ಯಾರು ಎಂಬ ಪ್ರಶ್ನೆ ಬರುತ್ತದೆ. ಜೇಮ್ಸ್ ಎನ್ನುತ್ತಾನೆ. ಜೇಮ್ಸ್, ಮುಂದೆ?

ಬರೀ ಜೇಮ್ಸ್.